ಹರಿಣಾಕ್ಷಿಯ ಖಾಲಿ ಹೊಟ್ಟೆ

ಅಂಗಳಕ್ಕೆ ಹಿಂದಿನ ಸಂಜೆ ಸೆಗಣಿ ಸಾರಿಸದೇ ಇದ್ದಿದ್ದರೆ ಹರಿಣಾಕ್ಷಿ ಆ ಬೆಳಿಗ್ಗೆ ರಸ್ತೆಗೆ ಇಳಿಯುತ್ತಿರಲಿಲ್ಲ. ಗಂಡನನ್ನು ಬಿಟ್ಟು ಹೊರಟಳು ಎಂಬ ಸುದ್ದಿ ಅವಳಿಗಿಂತ ಮೊದಲು ಅವಳ ತವರುಮನೆ ಮುಟ್ಟುತ್ತಲೂ ಇರಲಿಲ್ಲ.

ಮಳೆಗಾಲ ಮುಗಿದಿತ್ತು. ಅಂಗಳ ಕೆತ್ತಿ, ಬಡಿದು, ಹದ ಮಾಡಿದ್ದಾಗಿತ್ತು. ಅತ್ತೆ ಪದ್ದು ಸಂಜೆಯಿಡೀ ಬಗ್ಗಿ ಸೆಗಣಿ ಬಳಿದು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ಅಪ್ಪಣೆ ಹೊರಡಿಸಿದ್ದಳು: "ಒಣ್ಗು ತಂಕ ಒಬ್ರೂ ಕಾಲ್ ಇಡುಕಿಲ್ಲೆ. ಕಾಕಿ ಸೈತ."

ಆ ಅಂಗಳ ಹರಿಣಾಕ್ಷಿಯ ಗುಟ್ಟಿನ ಜಾಗ. ಒಂದು ತಿಂಗಳಿಂದ ಅವಳು ಬೆಳಕು ಹರಿಯುವ ಮೊದಲೇ ಎದ್ದು, ಮಗ ಸುಜನನ ಶಾಲೆಯ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಅಲ್ಲಿ ತುಳಸಿಕಟ್ಟೆಗೆ ಬಿರಬಿರನೆ ಸುತ್ತು ಬರುತ್ತಿದ್ದಳು. ಬೇಲಿಯಾಚೆಯಿಂದ ಕಂಡವರಿಗೆ ಅದು ಭಕ್ತಿ. ನಿಜ ಸಂಗತಿ ಕುಂದಾಪುರದ ಡಾಕ್ಟರಿಗೆ ಮತ್ತು ಅವಳ ಗಂಡ ಚಂದ್ರನಿಗೆ ಮಾತ್ರ ಗೊತ್ತಿತ್ತು. "ರಕ್ತದಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿದೆಯಮ್ಮ. ತೂಕ ಇಳಿಸಿ. ತಿಂಗಳು ಬಿಟ್ಟು ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ. ಇಳಿದಿದ್ದರೆ ಸರಿ, ಇಲ್ಲದಿದ್ದರೆ ಜೀವಮಾನವಿಡೀ ಮಾತ್ರೆ" ಎಂದಿದ್ದರು ಡಾಕ್ಟರು.

ಮಾತ್ರೆಯ ಹೆಸರು ಕೇಳಿದರೆ ಹರಿಣಾಕ್ಷಿಗೆ ತೀರಿಹೋದ ಅಪ್ಪಯ್ಯನ ನೆನಪಾಗುತ್ತಿತ್ತು. ಸಕ್ಕರೆ ಕಾಯಿಲೆಯಲ್ಲಿ ಅವನ ಕಾಲಿನ ಹೆಬ್ಬೆರಳು ಹೋಗಿತ್ತು. ಅಂದಿನಿಂದ ಅವಳ ಅಮ್ಮ ಬಾಗಿ ‘ಸಕ್ಕರೆ’ ಎಂಬ ಶಬ್ದ ಕೇಳಿದಲ್ಲೇ ಕೂತುಬಿಡುತ್ತಿದ್ದಳು, ಅಂಗಡಿಯಲ್ಲಿ ಕೂಡ. ಹಾಗಾಗಿ ತವರಿಗೆ ಈ ಸುದ್ದಿ ಹೋಗಲೇಬಾರದು ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು.

ಹರಿಣಾಕ್ಷಿ ದಪ್ಪಗಾದದ್ದು ಆಸೆಯಿಂದ ತಿಂದಲ್ಲ, ಹಾಳಾಗಬಾರದೆಂದು ತಿಂದು. ಬೆಳಿಗ್ಗೆ ಎರಡು ಮಕ್ಕಳನ್ನು ಶಾಲೆಗೆ ಹೊರಡಿಸಿ, ಉಳಿದ ಹೊತ್ತು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಊರಿನ ರವಿಕೆಗಳನ್ನೆಲ್ಲ ಹೊಲಿಯುವ ಹೆಂಗಸಿಗೆ ತನ್ನದೇ ಒಂದು ಊಟ ಎಂದು ಎಲ್ಲಿರುತ್ತದೆ? ಸುಜನ್ ಬಿಟ್ಟ ಅರ್ಧ ದೋಸೆ, ಮಗಳು ಶರಣ್ಯಾ ಕಚ್ಚಿಟ್ಟ ಬಾಳೆಹಣ್ಣು, ಚಂದ್ರ ಕೈ ತೊಳೆದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು ಎಲ್ಲಕ್ಕೂ ಅವಳ ಹೊಟ್ಟೆಯೇ ಕೊನೆಯ ಬಸ್ ಸ್ಟಾಪು. ಈ ಒಂದು ತಿಂಗಳು ಅವಳು ಅದನ್ನು ನಿಲ್ಲಿಸಿದ್ದಳು. ರಾತ್ರಿ ಅನ್ನ ಬಿಟ್ಟಳು, ತೆಂಗಿನಕಾಯಿ ಅರೆದು ಹಾಕಿದ್ದನ್ನು ಬಿಟ್ಟಳು, ಮದುವೆಮನೆಯಲ್ಲಿ ಹೋಳಿಗೆಗೆ ಕೈ ಅಡ್ಡ ಹಿಡಿದಳು. ಅವಳು ನಾಲ್ಕು ಕಿಲೋ ಇಳಿದಳು. ಬೀದಿಯ ಕೆಂಪು ನಾಯಿ ಮಾತ್ರ ಗುರುತು ಸಿಗದಷ್ಟು ದುಂಡಗಾಯಿತು.

ಇವತ್ತು ರಕ್ತ ಕೊಡುವ ದಿನ. ಎಂಟು ಗಂಟೆಯ ಬಸ್ಸು. ಅಲ್ಲಿಯವರೆಗೆ ಒಂದು ಗುಟುಕು ಚಹಾ ಕೂಡ ಹೊಟ್ಟೆಗೆ ಇಳಿಯಬಾರದು. ಪರೀಕ್ಷೆಯ ದಿನ ಬೆಳಿಗ್ಗೆಯೂ ಪುಸ್ತಕ ತಿರುವುವ ಮಕ್ಕಳ ಹಾಗೆ ಅವಳಿಗೆ ಕೊನೆಯದೊಂದು ಸಲ ನಡೆದುಬಿಡುವ ತವಕ. ಅಂಗಳ ಹಸಿ. ಕಡಲ ಬದಿಗೆ ಆ ಹೊತ್ತಿಗೆ ಹೋಗುವ ಹಾಗಿಲ್ಲ; ಅಲ್ಲಿ ಚೊಂಬು ಹಿಡಿದು ಕೂತವರಿಗೂ ನಾಚಿಕೆ, ಕಂಡವರಿಗೂ ನಾಚಿಕೆ. ಸೀರೆ ಉಟ್ಟರೆ ಎಲ್ಲಿಗೆ ಎಂದು ಕೇಳುತ್ತಾರೆಂದು ನೈಟಿಯ ಮೇಲೇ ಒಂದು ಶಾಲು ಹೊದ್ದು, ಅಂಗಳದ ಅಂಚಿನ ಕಲ್ಲುಗಳ ಮೇಲೆ ಕಾಲಿಡುತ್ತ ದಾಟಿ, ನಾವುಂದದ ಹೆದ್ದಾರಿಗೆ ಬಂದು ಬಡಗು ದಿಕ್ಕಿಗೆ ತಿರುಗಿದಳು.

ಬಡಗಕ್ಕೆ ಹೋದರೆ ಸಿಗುವುದು ಕಿರಿಮಂಜೇಶ್ವರ. ಕಿರಿಮಂಜೇಶ್ವರದಲ್ಲಿ ಅವಳ ತವರು. ನಡೆಯುವವಳಿಗೆ ಅದೊಂದು ದಿಕ್ಕು. ನೋಡುವವರಿಗೆ ಅದೊಂದು ವಿಷಯ.

ಮೊದಲು ಕಂಡವಳು ನೆರೆಮನೆಯ ಸುಗುಣಕ್ಕ. ಡೈರಿಗೆ ಹಾಲು ಕೊಡಲು ಕ್ಯಾನು ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದಳು.

"ಹ್ವಾಯ್ ಹರಿಣಾಕ್ಷಿ! ಎಲ್ಲಿಗ್ ಹೊರ್ಟದ್ದ್ ಮಾರಾಯ್ತಿ, ಇಷ್ಟ್ ಬೆಳಿಗ್ಗೆ?"

"ಇಲ್ಲೇ ಅಕ್ಕ."

ಆ ಊರಿನಲ್ಲಿ ‘ಇಲ್ಲೇ’ ಎಂಬುದಕ್ಕಿಂತ ದೂರದ ಜಾಗ ಇನ್ನೊಂದಿಲ್ಲ. ಮುಂಬೈಗೆ ಹೊರಟವನು ಮುಂಬೈ ಎನ್ನುತ್ತಾನೆ. ಮುಚ್ಚಿಡುವುದಿದ್ದವನು ಮಾತ್ರ ಇಲ್ಲೇ ಎನ್ನುತ್ತಾನೆ. ಸುಗುಣಕ್ಕ ಕ್ಯಾನನ್ನು ಕೆಳಗಿಟ್ಟಳು.

"ಇಲ್ಲೇ ಅಂದ್ರೆ ಎಲ್ಲೇ?"

"ಸುಮ್ನೆ, ನೆಡೂಕೆ."

"ನೆಡ್ಕಂಡ್ ಎಲ್ಲಿಗೆ?"

"ಎಲ್ಲಿಗೂ ಇಲ್ಲೆ. ಹೋಯಿ ತಿರ್ಗಿ ಬಪ್ದ್."

ತಿರುಗಿ ಬರುವುದಕ್ಕಾಗಿಯೇ ಹೋಗುವುದು ಎಂಬ ಮಾತು ಸುಗುಣಕ್ಕನ ತಲೆಯೊಳಗೆ ಕೂರಲು ಜಾಗ ಹುಡುಕಿ, ಸಿಗದೆ, ಹೊರಗೆ ಬಂತು. ಅವಳು ಹರಿಣಾಕ್ಷಿಯನ್ನು ನೈಟಿಯಿಂದ ಶೂವರೆಗೆ, ಶೂವಿನಿಂದ ನೈಟಿಯವರೆಗೆ ನೋಡಿದಳು.

"ಚಾ ಆಯ್ತಾ?"

"ಇಲ್ಲೆ."

"ಬಾ ಹಂಗಾರೆ, ಒಂದ್ ಗುಟ್ಕ್ ಕುಡ್ದ್ ಹೋಗ್."

"ಇವತ್ ಬ್ಯಾಡ ಅಕ್ಕ."

"ರಾತ್ರಿ ಉಂಡಿದ್ಯಾ?"

ಸುಳ್ಳು ಹೇಳಿ ರೂಢಿಯಿಲ್ಲದ ಹರಿಣಾಕ್ಷಿ "ಇಲ್ಲೆ" ಎಂದು ಹೇಳಿ ಮುಂದೆ ನಡೆದಳು.

ಸುಗುಣಕ್ಕನಿಗೆ ಇನ್ನೇನೂ ಕೇಳುವ ಅಗತ್ಯವಿರಲಿಲ್ಲ. ಅಲ್ಲಿನ ಹೆಂಗಸರು ಸಿಟ್ಟು ಬಂದರೆ ಪಾತ್ರೆ ಎಸೆಯುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಉಣ್ಣುವುದನ್ನು ಬಿಡುತ್ತಾರೆ. ಮದುವೆಯಾದ ಹೆಂಗಸು ಉಣ್ಣಲಿಲ್ಲ ಎಂದರೆ ಅದು ಹೊಟ್ಟೆಯ ಸುದ್ದಿಯಲ್ಲ, ಗಂಡನ ಸುದ್ದಿ. ಅದರ ಮೇಲೆ ತೊಟ್ಟ ನೈಟಿಯಲ್ಲೇ, ಬಟ್ಟೆಯ ಚೀಲವೂ ಇಲ್ಲದೆ, ಸಿಕ್ಕಿದ ಶೂ ಸಿಕ್ಕಿಸಿಕೊಂಡು, ತವರಿನ ದಿಕ್ಕಿಗೆ! ಕ್ಯಾನಿನ ಹಾಲು ಅಲ್ಲೇ ಉಳಿಯಿತು, ಸುಗುಣಕ್ಕ ಮನೆಯ ಫೋನಿನ ಕಡೆಗೆ ಓಡಿದಳು.

ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ರಿಕ್ಷಾ ಬಂದು ಬದಿಯಲ್ಲೇ ನಿಧಾನವಾಯಿತು. ಕುಷ್ಟನ ರಿಕ್ಷಾ; ಸುಗುಣಕ್ಕನ ಸುದ್ದಿ ಅವನಿಗೂ ಮುಟ್ಟಿತ್ತು.

"ಹರಿಣಾಕ್ಷಕ್ಕ, ಹತ್ತಿ."

"ಬ್ಯಾಡ ಕುಷ್ಟ, ನಾ ನೆಡೀತೆ."

"ಬಾಡ್ಗಿ ಬ್ಯಾಡ ಮಾರಾಯ್ರೆ."

"ಬಾಡ್ಗಿದ್ದ್ ಅಲ್ಲ."

"ಹಂಗಾರೆ ಎಂತದ್?"

ಹರಿಣಾಕ್ಷಿ ಜೋರಾಗಿ ನಡೆದಳು. ರಿಕ್ಷಾ ಕೂಡ ಜೋರಾಯಿತು. ಅವಳು ನಿಧಾನ ಮಾಡಿದಳು, ಅದೂ ನಿಧಾನವಾಯಿತು. ತಾಯಿ ಹಸುವಿನ ಬದಿಗೆ ಕರು ಬರುವ ಹಾಗೆ ರಿಕ್ಷಾ ಬುಡುಬುಡು ಎನ್ನುತ್ತ ಜೊತೆಯಲ್ಲೇ ಬಂತು.

"ಚಂದ್ರಣ್ಣ ಪಾಪದ್ ಜನ ಅಕ್ಕ," ಎಂದ ಕುಷ್ಟ ಹ್ಯಾಂಡಲಿನ ಮೇಲೆ ಬಾಗಿ. "ಎಂತಾರೂ ಒಂದ್ ಮಾತ್ ಆಡಿದ್ರೆ ಹೊಟ್ಟಿಗ್ ಹಾಕ್ಕಣಿ."

ಇವತ್ತು ಹೊಟ್ಟೆಗೆ ಏನನ್ನೂ ಹಾಕಿಕೊಳ್ಳುವ ಹಾಗಿಲ್ಲ ಎಂದು ಹೇಳಹೊರಟವಳು ನಾಲಿಗೆ ಕಚ್ಚಿಕೊಂಡಳು. ಮುಖದ ಬೆವರನ್ನು ಶಾಲಿನ ತುದಿಯಿಂದ ಒರೆಸಿದಳು. ಕುಷ್ಟ ಕಂಡದ್ದು ಬೆವರನ್ನಲ್ಲ. ಅವನು ಹೊಸದಾಗಿ ಕೊಂಡ ಮೊಬೈಲು ಒಂದು ಒಳ್ಳೆಯ ಕೆಲಸಕ್ಕಾಗಿ ವಾರದಿಂದ ಕಿಸೆಯಲ್ಲಿ ಕಾದಿತ್ತು. ಅದನ್ನು ತೆಗೆದು, "ಹಲೋ, ಗುಡ್ಡ ಮಾವ ಇದ್ರಾ?" ಎಂದವನೇ ಅವಳನ್ನು ದಾಟಿ ಮುಂದೆ ಹೋದ.

ಕಿರಿಮಂಜೇಶ್ವರದ ಮೊದಲ ಮೋರಿ ಸಿಕ್ಕಿದಲ್ಲಿಂದ ಹಿಂದಿರುಗುವುದು ಎಂದು ಹರಿಣಾಕ್ಷಿ ಲೆಕ್ಕ ಹಾಕಿದ್ದಳು. ಮೋರಿಯ ಕಟ್ಟೆಯ ಮೇಲೆ ಅವಳ ಅಮ್ಮ ಬಾಗಿ ಕೂತಿದ್ದಳು. ಬದಿಯಲ್ಲಿ ಅಮ್ಮನ ಅಣ್ಣ ಗುಡ್ಡ ಮಾವ, ಕುಟುಂಬದ ಜಗಳಗಳಿಗೆ ಮಾತ್ರ ಹೊರಗೆ ತೆಗೆಯುವ ಜರಿ ಅಂಚಿನ ಶಾಲು ಹೆಗಲಿಗೆ ಹಾಕಿ ನಿಂತಿದ್ದ.

"ಅಯ್ಯೋ ನನ್ ಮಗಾ! ಎಷ್ಟ್ ಬತ್ತ್ ಹೋಯ್ದೆ!" ಎಂದು ಬಾಗಿ ಅಪ್ಪಿಕೊಂಡಳು.

ಒಂದು ತಿಂಗಳಲ್ಲಿ ಒಬ್ಬರೂ ಆಡದಿದ್ದ ಮಾತು. ಹರಿಣಾಕ್ಷಿಗೆ ಆ ಕ್ಷಣ ಎಲ್ಲ ಮರೆತು ಖುಷಿಯೇ ಆಯಿತು. "ಹೌದಾ ಅಮ್ಮ? ಎಲ್ಲಿ ಬತ್ತಿದೆ, ಸೊಂಟದಂಗಾ?"

"ಕೇಂಡ್ಯಾ ಅಣ್ಣ," ಬಾಗಿ ಅತ್ತಳು, "ದುಕ್ಕದಂಗೆ ತಲಿ ಸೈತ ಸಮ ಇಲ್ಲೆ ಹೆಣ್ಣಿಗೆ."

ತವರುಮನೆಯ ಜಗಲಿಯಲ್ಲಿ ಅವಳನ್ನು ಕೂರಿಸಿದರು. ಒಳಗಿನಿಂದ ಚಹಾ ಬಂತು, ಅವಳು ಬೇಡವೆಂದಳು. ಬೆಲ್ಲದ ತುಂಡಿನೊಂದಿಗೆ ನೀರು ಬಂತು, ಬೇಡವೆಂದಳು. ನೀರುದೋಸೆಯ ಪರಿಮಳ ಬಂತು, ಅದರ ಬೆನ್ನಿಗೆ ನಿನ್ನೆಯ ಬಂಗುಡೆ ಮೀನಿನ ಸಾರು ಕಾಯುವ ಪರಿಮಳ. ಹರಿಣಾಕ್ಷಿ ಮೂಗಿಗೆ ಶಾಲು ಹಿಡಿದಳು. ಅದನ್ನು ಕಂಡು ಬಾಗಿ ಮತ್ತೊಮ್ಮೆ ಅತ್ತಳು.

"ಅಮ್ಮ, ನಾ ಹೋತೆ. ಎಂಟ್ ಗಂಟಿ ಬಸ್ಸಿಗೆ ಕುಂದಾಪ್ರಕ್ಕೆ ಹೋಯ್ಕ್ ನಂಗೆ."

ಗುಡ್ಡ ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಕುಂದಾಪ್ರದಲ್ ಎಂತ ಇತ್ತ್?"

"ಒಬ್ರನ್ ಕಾಂಬುಕಿತ್ತ್."

"ವಕೀಲ್ರನ್ನಾ?"

ಕುಂದಾಪುರದಲ್ಲಿ ಕೋರ್ಟು ಇರುವುದು ಹರಿಣಾಕ್ಷಿಯ ತಪ್ಪಲ್ಲ. ಆದರೆ ಡಾಕ್ಟರು ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆಂದು ಹೇಳಿದರೆ ಅಮ್ಮ ಅಲ್ಲೇ ಕುಸಿಯುತ್ತಾಳೆ. ಅವಳು ಸುಮ್ಮನಾದಳು. ಆ ಮೌನವನ್ನು ಗುಡ್ಡ ಮಾವ ಪೂರ್ತಿಯಾಗಿ ಓದಿಕೊಂಡ.

"ಬಾಗಿ, ಅಳ್ಬ್ಯಾಡ. ನಾ ಇಪ್ಪು ತಂಕ ಈ ಸಂಸಾರ ಕೋರ್ಟಿನ್ ಮೆಟ್ಲ್ ಹತ್ತುಕಿಲ್ಲೆ."

ಅಷ್ಟರಲ್ಲಿ ಹೊರಗೆ ಚಂದ್ರನ ಮೀನಿನ ಟೆಂಪೋ ಬಂದು ನಿಂತಿತು. ಮುಂದಿನಿಂದ ಅವನೂ ಅತ್ತೆ ಪದ್ದುವೂ ಇಳಿದರು. ಹಿಂದಿನಿಂದ ಒಂದೇ ಜಡೆ ಹಾಕಿಕೊಂಡ ಶರಣ್ಯಾ, ಬರಿಗಾಲಿನ ಸುಜನ್, ಮತ್ತು ದಾರಿಯಲ್ಲಿ ಹೇಗೋ ಹತ್ತಿಕೊಂಡಿದ್ದ ಸುಗುಣಕ್ಕ. ಮಕ್ಕಳಿಗೆ ದೋಸೆ ಹೊಯ್ಯುತ್ತಿದ್ದವನಿಗೆ ಸುದ್ದಿ ಮುಟ್ಟಿತ್ತು. ಚಂದ್ರನ ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಇನ್ನೂ ಹಾಗೇ ಇತ್ತು.

"ಮೊದ್ಲ್ ಆ ಸಟ್ಗ ಕೆಳ್ಗ್ ಇಡ್," ಎಂದ ಗುಡ್ಡ ಮಾವ, ಕತ್ತಿ ಕಂಡವನ ಹಾಗೆ.

ಚಂದ್ರ ಸಟ್ಟುಗ ಕೆಳಗಿಟ್ಟು ಹೆಂಡತಿಯನ್ನು ನೋಡಿದ. "ಎಂತಾಯ್ತ್ ಹೆಣೆ? ನೀ ನೆಡೂಕ್ ಹೋದದ್ ಅಲ್ದಾ?"

"ನೆಡೂಕೇ ಹೋದದ್ದ್!" ಎಂದಳು ಹರಿಣಾಕ್ಷಿ, ಕೊನೆಗೊಬ್ಬ ಸಾಕ್ಷಿ ಸಿಕ್ಕಿದ ಹುರುಪಿನಲ್ಲಿ. "ಮಾವ, ಕೇಣಿ. ನಾ ತೆಳು ಆಪುಕೆ ನೆಡೂದ್. ಅದ್ಕೇ ಊಟ ಕಮ್ಮಿ ಮಾಡಿದ್ದ್. ಬೇರೆ ಎಂತದೂ ಇಲ್ಲೆ."

ಗುಡ್ಡ ಮಾವ ಕುರ್ಚಿಗೆ ಒರಗಿ ಕನಿಕರದಿಂದ ನಕ್ಕ. "ನಮ್ಮ ಹೆಂಗ್ಸ್ರ್ ಮೀನ್ ಬುಟ್ಟಿ ಹೊತ್ಕಂಡ್ ಬೈಂದೂರ್ ತಂಕ ನೆಡೀತಿದ್ರ್. ಬುಟ್ಟಿ ಇಲ್ದೆ ನೆಡೂದನ್ನ ನಾ ಕಾಂಬುದ್ ಇದೇ ಮೊದ್ಲ್. ಗಂಡನ್ ಮರ್ಯಾದಿ ಉಳ್ಸುಕೆ ಹೆಣ್ಣ್ ಎಂತೆಂತ ಕತಿ ಕಟ್ತ್ ಕಾಣ್, ಬಾಗಿ!"

"ನಂಗಂತೂ ಗೊತ್ತಾಯಿತ್," ಎಂದಳು ಸುಗುಣಕ್ಕ. "ಮದಿ ಮನಿಯಲ್ ಹೋಳ್ಗಿ ಬಿಟ್ಟ್ ಎದ್ದಾಗ್ಳೇ ನಾ ಅಂದ್ಕಂಡೆ, ಈ ಸಂಸಾರ ಹಳಿ ಮೇಲಿಲ್ಲೆ."

"ಸಿಟ್ಟ್ ಇಲ್ಲೆ ಅಂದ್ರೆ," ಗುಡ್ಡ ಮಾವ ತೀರ್ಪು ಕೊಟ್ಟ, "ಎಲ್ರ ಎದ್ರಿಗೆ ಉಂಡ್ ತೋರ್ಸ್."

ಬಾಗಿ ತಟ್ಟೆ ತಂದಿಟ್ಟಳು. ಬಿಳಿ ಕರವಸ್ತ್ರದ ಹಾಗೆ ಮಡಚಿದ ನೀರುದೋಸೆಗಳು, ಬದಿಯಲ್ಲಿ ಕೆಂಪು ಬಂಗುಡೆ ಸಾರು. ಹರಿಣಾಕ್ಷಿ ಗಂಡನನ್ನು ನೋಡಿದಳು. ಖಾಲಿ ಹೊಟ್ಟೆ ಯಾಕೆಂದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯ. ಚಂದ್ರ ಬಾಗಿಯ ಕಡೆಗೆ ಕಣ್ಣು ಸನ್ನೆ ಮಾಡಿ ತಲೆ ತಗ್ಗಿಸಿದ. ಹೇಳುವ ಹಾಗಿಲ್ಲ.

ಮಗಳು ಶರಣ್ಯಾ ಬಂದು ಅವಳ ಮೊಣಕೈ ಹಿಡಿದಳು. "ಅಮ್ಮ, ನೀ ಇನ್ ಮನಿಗ್ ಬತ್ತಿಲ್ಯಾ?"

ಹರಿಣಾಕ್ಷಿ ದೋಸೆ ಮುರಿದಳು, ಸಾರಿನಲ್ಲಿ ಅದ್ದಿದಳು, ಬಾಯಿಗಿಟ್ಟಳು. ತಿಂಗಳ ನಂತರ ತೆಂಗಿನಕಾಯಿಯೂ ಹುಳಿಯೂ ಮೆಣಸೂ ನಾಲಿಗೆಗೆ ಒಟ್ಟಿಗೆ ಬಂದಿಳಿದವು. ದುಬೈಯಿಂದ ರಜೆಗೆ ಬಂದ ನೆಂಟರಂತೆ. ಹೊರಗೆ ಹೆದ್ದಾರಿಯಲ್ಲಿ ಎಂಟು ಗಂಟೆಯ ಬಸ್ಸು ಹಾರನ್ನು ಹೊಡೆದುಕೊಂಡು ಕುಂದಾಪುರದ ಕಡೆಗೆ ಹೋಯಿತು. ರಕ್ತ ಕೊಡುವುದು ಇವತ್ತಿಗೆ ಮುಗಿಯಿತು. ಅವಳು ಎರಡನೆಯ ದೋಸೆಗೆ ಕೈ ಹಾಕಿದಳು.

ಜಗಲಿಯಲ್ಲಿ ಉಸಿರು ಸಡಿಲವಾಯಿತು. ಬಾಗಿ ಕಣ್ಣೊರೆಸಿಕೊಂಡಳು. ಅಂಗಳದಲ್ಲಿ ಕಾದಿದ್ದ ಕುಷ್ಟ ಯಾರಿಗೋ "ರಾಜಿ ಆಯ್ತ್, ರಾಜಿ ಆಯ್ತ್" ಎಂದು ಫೋನು ಮಾಡಿದ. ಗುಡ್ಡ ಮಾವನಿಗೆ ಮಾತ್ರ ತೃಪ್ತಿಯಾಗಲಿಲ್ಲ. ಜರಿ ಶಾಲು ಹೊರಗೆ ಬಂದ ಮೇಲೆ ಇಷ್ಟು ಬೇಗ ಒಳಗೆ ಹೋಗುವುದೆಂದರೇನು?

"ಹೆಣ್ಣ್ ಉಂಡ್ಳ್. ಸಮ. ಈಗ ಗಂಡ್ ಬಾಯ್ ಬಿಡ್ಕ್. ಏ ಚಂದ್ರ, ನೀನ್ ಮಾಡದ್ ಎಂತ?"

"ನಾ ಎಂತದೂ ಮಾಡ್ಲಿಲ್ಲೆ ಮಾವ."

"ಎಂತದೂ ಮಾಡ್ದೆ ಹೆಂಡ್ತಿ ಮನಿ ಬಿಡೂದಾ? ಅವ್ಳಿಗ್ ಹೇಳ್ದೆ ಎಂತಾರೂ ಮಾಡಿದ್ಯಾ, ಇಲ್ಯಾ?"

ಚಂದ್ರ ಕಂಬದ ಮೇಲಿನ ಸುಣ್ಣವನ್ನು ಉಗುರಿನಿಂದ ಕೆರೆದ. "ಒಂದ್ ಮಾಡಿದ್ದೆ. ಇವ್ಳಿಗ್ ಹೇಳ್ಲಿಲ್ಲೆ."

ಹರಿಣಾಕ್ಷಿಯ ಕೈ ದೋಸೆಯ ಮೇಲೇ ನಿಂತಿತು. ಸುಗುಣಕ್ಕ ಒಂದು ಹೆಜ್ಜೆ ಹತ್ತಿರ ಬಂದಳು.

"ಯಾರ್ ಅವ್ಳ್?" ಎಂದ ಗುಡ್ಡ ಮಾವ, ದನಿ ಇಳಿಸಿ.

"ಅವ್ಳೂ ಅಲ್ಲ, ಇವ್ಳೂ ಅಲ್ಲ ಮಾವ. ದೇವ್ರ್." ಚಂದ್ರ ಒಂದೇ ಉಸಿರಿಗೆ ಹೇಳಿಬಿಟ್ಟ. "ಹೋದ್ ತಿಂಗ್ಳ್ ಡಾಕ್ಟ್ರ್ ಇವ್ಳಿಗೆ ಸಕ್ಕರೆ ಹೆಚ್ ಇತ್ತ್ ಅಂದ್ರ್. ನಂಗ್ ಹೆದ್ರಿಕಿ ಆಯ್ತ್. ತಿರ್ಗಿ ಬಪ್ಪತಿಗೆ ದೇವಸ್ಥಾನದ್ ಎದ್ರ್ ಟೆಂಪೋ ನಿಲ್ಸಿ ಹರ್ಕಿ ಹೇಳ್ಕಂಡೆ. ಹೆಂಡ್ತಿ ಹುಷಾರಾರೆ ಬೆಲ್ಲದ್ ತುಲಾಭಾರ ಮಾಡ್ಸ್ತೆ ಅಂದೆ. ಇವ್ಳ್ ಇಳೂದ್ ಕಂಡೆ, ಹುಷಾರಾಯ್ತ್ ಅಂದ್ಕಂಡೆ, ಬಪ್ಪ ಸಂಕ್ರಾಂತಿಗೆ ಭಟ್ರಿಗೆ ಹೇಳಿಯೂ ಬಂದೆ."

ಬಾಗಿ ‘ಸಕ್ಕರೆ’ ಎಂಬಲ್ಲಿ ಕೂತವಳು ‘ದೇವರು’ ಎಂಬಲ್ಲಿ ಎದ್ದಳು. ಹರಿಣಾಕ್ಷಿ ಗಂಡನನ್ನು ಹೊಸದಾಗಿ ಕಂಡಳು. ಮೀನಿನ ವಾಸನೆಯ ಟೆಂಪೋವನ್ನು ದೇವಸ್ಥಾನದೆದುರು ನಿಲ್ಲಿಸಿ, ಅವಳಿಗೂ ಹೇಳದೆ, ಕೈ ಮುಗಿದು ನಿಂತ ಈ ಮನುಷ್ಯ! ಎಲ್ಲವೂ ಗೊತ್ತಾಗಿದೆ, ಇನ್ನು ಮುಚ್ಚಿಡುವುದಿಲ್ಲ. ನಾಳೆಯೇ ಕುಂದಾಪುರಕ್ಕೆ ಖಾಲಿ ಹೊಟ್ಟೆಯಲ್ಲಿ ಹೋದರಾಯಿತು. ಅವಳು ಹಗುರಾಗಿ ಮುಗುಳ್ನಕ್ಕಳು.

ಜಗಲಿಯ ತುದಿಯಲ್ಲಿ ಕೂತಿದ್ದ ಅತ್ತೆ ಪದ್ದು ಆಗ ಬಾಯಿ ತೆರೆದಳು.

"ಅಲ್ದಾ ಚಂದ್ರ, ತುಲಾಭಾರ ಅಂದೆ. ಯಾವ್ ತೂಕದ್ದ್?"

"ಇವ್ಳ್ ತೂಕದ್ದ್ ಅಮ್ಮ."

"ಅದ್ ಗೊತ್ತಿತ್ತ್. ನೀ ಹರ್ಕಿ ಹೇಳ್ಕಂಬತಿಗೆ ಇದ್ದ ತೂಕವಾ, ಈಗ ಇಪ್ಪ ತೂಕವಾ?"

ಇಂಥದೊಂದು ಪ್ರಶ್ನೆ ಇರಬಹುದೆಂದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಬಿಡುವ ಹಾಗೂ ಇರಲಿಲ್ಲ. ಗುಡ್ಡ ಮಾವ ಶಾಲನ್ನು ಸರಿಮಾಡಿಕೊಂಡು, ಈ ಬೆಳಿಗ್ಗೆಯಲ್ಲಿ ಮೊದಲ ಬಾರಿಗೆ ನಿಜವಾಗಿ ಯೋಚಿಸಿದ.

"ದೇವ್ರ್ ಕೇಂಡದ್ ಅವತ್ತ್. ಕಂಡದ್ದೂ ಅವತ್ತಿನ್ ಹರಿಣಾಕ್ಷಿನ್ನ."

"ನಾಲ್ಕ್ ಕಿಲೋ ಹೆಚ್ ಇದ್ದಿದ್ಲ್," ಎಂದ ಚಂದ್ರ, ಅಪರಾಧ ಮಾಡಿದವನ ದನಿಯಲ್ಲಿ.

"ಹುಂಜ ಹೇಳ್ಕಂಡ್ ಮರಿ ಕೊಟ್ರ್ ಆತ್ತಾ?" ಅಂಗಳದಿಂದ ಕುಷ್ಟ ಕೇಳಿದ. "ನಮ್ಮನಿಯಲ್ ಒಂದ್ಸಲ ಹಾಂಗ್ ಮಾಡಿ ವರ್ಷ ಇಡೀ ಕೋಳಿ ಒಂದೂ ಉಳಿಲಿಲ್ಲೆ."

"ಅಷ್ಟ್ ಬೆಲ್ಲ ಹೆಚ್ ಇಟ್ರ್ ಆಯ್ತಲೆ ಮಾವ!" ಎಂದಳು ಹರಿಣಾಕ್ಷಿ.

"ತಕ್ಕಡಿ ಸಮ ನಿಲ್ಲುಕಲ್ದಾ? ಬೆಲ್ಲ ಕೆಳ್ಗ್ ಕೂಕಂಡ್, ನೀನ್ ಮೇಲ್ ನೇತಾಡ್ತಾ ಇದ್ರೆ ಅದ್ ತುಲಾಭಾರ ಆತ್ತಾ, ತೊಟ್ಲ್ ಆತ್ತಾ?"

"ಹಂಗಾರೆ ಒಂದ್ ಕಲ್ಲ್ ಮಡ್ಲಂಗ್ ಇಟ್ಕಂತೆ."

"ದೇವ್ರಿಗೆ ತೂಕದಲ್ ಮೋಸ ಮಾಡೂದಾ!" ಪದ್ದು ಕೆನ್ನೆ ಬಡಿದುಕೊಂಡಳು.

"ಡಾಕ್ಟ್ರ್ ಇಳ್ಸುಕ್ ಹೇಳಿರಲೆ!"

"ಇಳ್ಸ್. ಯಾರ್ ಬ್ಯಾಡ ಅಂದ್ರ್?" ಎಂದ ಗುಡ್ಡ ಮಾವ. "ದೇವ್ರ್ ಲೆಕ್ಕ ಮುಗ್ದ್ ಮೇಲೆ ಎಷ್ಟ್ ಬೇಕಾರೂ ಇಳ್ಸ್. ಸಂಕ್ರಾಂತಿಗ್ ಇನ್ನೂ ದಿನ ಇತ್ತ್. ಅಷ್ಟ್ರಂಗೆ ಮೊದ್ಲಿನ್ ಹಾಂಗ್ ಆಯ್ಕ್."

ಬಾಗಿ ಆಗಲೇ ಒಳಗೆ ಹೋಗಿ ಬಂದಿದ್ದಳು. "ಸಕ್ಕರೆ ಒಂದ್ ಬ್ಯಾಡ ಮಗಾ. ಅದನ್ ಬಿಟ್ಟ್ ಉಳ್ದದ್ದೆಲ್ಲ ತಿನ್," ಎನ್ನುತ್ತ ಇನ್ನೂ ಮೂರು ದೋಸೆಗಳನ್ನು ತಟ್ಟೆಗೆ ಸುರಿದು, ಅದರ ಮೇಲೊಂದು ಇಡೀ ಬಂಗುಡೆಯನ್ನು ಮಲಗಿಸಿದಳು. ಸುಗುಣಕ್ಕ ತನ್ನ ಮನೆಯಿಂದ ದಿನಾ ಬೆಣ್ಣೆ ಕಳಿಸುವುದಾಗಿ ಮಾತು ಕೊಟ್ಟಳು.

ಹರಿಣಾಕ್ಷಿ ಎರಡೂ ಕೈಯಿಂದ ತಟ್ಟೆಯನ್ನು ದೂಡಿದಳು. "ನಾ ತಿಂತಿಲ್ಲೆ!"

ಶರಣ್ಯಾ ಮತ್ತೆ ಅವಳ ಮೊಣಕೈ ಹಿಡಿದಳು. ಕುಷ್ಟನ ಕೈ ಮೆಲ್ಲಗೆ ಕಿಸೆಯ ಮೊಬೈಲಿನ ಕಡೆಗೆ ಹೋಯಿತು. ಗುಡ್ಡ ಮಾವ ಹೋಗಲೆಂದು ಎದ್ದವನು ಮತ್ತೆ ಕುರ್ಚಿಯಲ್ಲಿ ಕೂತು, ಶಾಲನ್ನು ಹೆಗಲಿಗೆ ಎಳೆದುಕೊಂಡು, ಚಂದ್ರನ ಕಡೆಗೆ ತಿರುಗಿದ.

"ಕಂಡ್ಯಾ? ಸಿಟ್ಟ್ ಇನ್ನೂ ಇಳಿಲಿಲ್ಲೆ. ಈಗ ಹೇಳ್. ನೀನ್ ನಿಜವಾಗ್ ಮಾಡದ್ ಎಂತ?"

ಹರಿಣಾಕ್ಷಿ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.